ಮನೆಮಂದಿಯೆಲ್ಲ ಕೂತು ನೋಡಬಹುದು

ಟಿವಿಯ ಎಡಮೂಲೆಯಲ್ಲಿ ಸಣ್ಣ ಅಕ್ಷರದ ಒಂದು ಸಾಲು ಮೂಡಿ, ನಾನು ಕನ್ನಡಕ ಸರಿಮಾಡಿಕೊಳ್ಳುವಷ್ಟರಲ್ಲಿ ಮಾಯವಾಯಿತು. ಹದಿಮೂರು ವರ್ಷ ಮೇಲ್ಪಟ್ಟವರಿಗೆ. ಒರಟು ಭಾಷೆ, ತಂಬಾಕು ಸೇವನೆ. ರಜೆಗೆಂದು ರಾಮನಗರದ ನಮ್ಮ ಮನೆಗೆ ಬಂದಿದ್ದ ಅಣ್ಣನ ಮಗಳು ದೀಪಾ, ಯಾವುದೋ ಚಳಿದೇಶದ ಫುಟ್‌ಬಾಲ್ ಕ್ಲಬ್ಬಿನ ಕಥೆಯನ್ನು ಕಂತು ಕಂತಾಗಿ ನೋಡುತ್ತಿದ್ದಳು. ಕಟ್ಟುಕಥೆಯಲ್ಲವಂತೆ. ನಿಜವಾದ ಕ್ಲಬ್ಬು, ನಿಜವಾದ ಸೋಲು. ಮುಂದಿನ ಕಂತಿಗೆ ಆ ಸಾಲು ಮತ್ತೆ ಬಂತು. ಈ ಸಲ ನಾನು ಬಿಡಲಿಲ್ಲ. ಅಲ್ಪವಿರಾಮ ಪೂರ್ಣವಿರಾಮಗಳ ಸಮೇತ ಕನ್ನಡಕ್ಕೆ ತಿರುಗಿಸಿ ಗಟ್ಟಿಯಾಗಿ ಓದಿಬಿಟ್ಟೆ.

"ಅತ್ತೆ, ಅದನ್ಯಾಕೆ ರೈಲ್ವೆ ಸ್ಟೇಷನ್ನಿನಲ್ಲಿ ಕೂಗೋ ಥರ ಓದ್ತೀರಾ?" ಎಂದಳು ದೀಪಾ.

"ಅಭ್ಯಾಸ ಕಣೇ. ಒಂದು ಕಾಲದಲ್ಲಿ ಇದನ್ನು ಬರೆಯೋಳೂ ನಾನೇ, ಓದೋಳೂ ನಾನೇ. ಇಡೀ ಊರು ಕೇಳ್ತಿತ್ತು."

ಅವಳು ರಿಮೋಟಿನ ಗುಂಡಿ ಒತ್ತಿ ಚಿತ್ರವನ್ನು ನಿಲ್ಲಿಸಿದಳು. ಈ ಕಾಲದ ಮಕ್ಕಳು ನಮ್ಮ ಮಾತಿಗಾಗಿ ಟಿವಿ ನಿಲ್ಲಿಸುತ್ತಾರೆಂದರೆ ಅದು ಸಣ್ಣ ಮರ್ಯಾದೆಯಲ್ಲ. ಪರದೆಯ ಮೇಲೆ ಒಬ್ಬ ಕೋಚು ಬಾಯಿ ತೆರೆದುಕೊಂಡೇ ನಿಂತುಬಿಟ್ಟ. ಅವನು ಹಾಗೇ ಇರಲಿ. ಅವಳಿಗೆ ಹೇಳಿದ್ದನ್ನು ನಿಮಗೂ ಹೇಳುತ್ತೇನೆ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಬಿಡದಿ ಕಡೆಯಿಂದ ಕಾರ್ಖಾನೆಗಳು ಹೆದ್ದಾರಿ ಹಿಡಿದು ನಮ್ಮ ಕಡೆಗೆ ನಡೆದುಬರುತ್ತಿದ್ದ ಕಾಲ. ನಿನ್ನೆ ರಾಗಿ ಹೊಲವಾಗಿದ್ದದ್ದು ಇವತ್ತು ತಂತಿಬೇಲಿಯೊಳಗೆ ಕೂತಿರುತ್ತಿತ್ತು. ನಾನು ಇಲ್ಲಿನ ಹೈಸ್ಕೂಲಿನಲ್ಲಿ ಕನ್ನಡ ಟೀಚರು. ಜಗತ್ತಿನ ಮುಖ್ಯ ತೊಂದರೆ ಅಕಾರ ಹಕಾರಗಳದ್ದು ಎಂದು ಪ್ರಾಮಾಣಿಕವಾಗಿ ನಂಬಿದ್ದೆ. ಜನ 'ಹಾಲ'ನ್ನು 'ಆಲು' ಮಾಡಿದರೆ ನನಗೆ ರಾತ್ರಿ ಊಟ ಸೇರುತ್ತಿರಲಿಲ್ಲ.

ಊರಿನಲ್ಲಿ ಒಂದು ಫುಟ್‌ಬಾಲ್ ಕ್ಲಬ್ ಇತ್ತು. ಬೋರ್ಡಿನ ಮೇಲೆ ಗೋಲ್ಡನ್ ಕಕೂನ್ ಎಂದು ಇಂಗ್ಲಿಷ್ ಹೆಸರು, ಜನರ ಬಾಯಲ್ಲಿ ಗೂಡು ಕ್ಲಬ್. ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಸಾಬರ ಮನೆಗಳ ಹುಡುಗರೂ, ಹಳ್ಳಿಯಿಂದ ಗೂಡು ತಂದು ಮಾರುವ ಗೌಡರ ಮನೆಗಳ ಹುಡುಗರೂ ಸೇರಿ ಆಡುತ್ತಿದ್ದರು. ಬೆಳಿಗ್ಗೆ ಮಾರುಕಟ್ಟೆಯಲ್ಲಿ ಗೂಡಿನ ದರಕ್ಕೆ ಜಗಳವಾಡಿದವರು ಸಂಜೆ ಒಂದೇ ಚೆಂಡಿನ ಹಿಂದೆ ಓಡುತ್ತಿದ್ದರು. ಊರಾಚೆಯ ಒಂದು ಬೀಳುಜಮೀನೇ ಮೈದಾನ. ಅದಕ್ಕೂ ಒಂದು ದಿನ ಸರ್ವೆಯವರು ಬಂದು ಕಲ್ಲು ನೆಟ್ಟರು. ಒಂದು ಕಲ್ಲು ಸರಿಯಾಗಿ ಪೆನಾಲ್ಟಿ ಒದೆಯುವ ಜಾಗದಲ್ಲೇ ಬಿತ್ತು. ಹುಡುಗರು ಕೆಲವು ವಾರ ಆ ಕಲ್ಲಿನ ಪಕ್ಕದಲ್ಲಿ ಚೆಂಡಿಟ್ಟುಕೊಂಡು ಒದೆದರು.

ಕ್ಲಬ್ಬಿನ ಕೋಚು ರಹಮತ್ ಸಾಬರು. ನೂಲು ಬಿಚ್ಚುವ ಕೆಲಸ. ಹಗಲೆಲ್ಲ ಕುದಿಯುವ ನೀರಿನೊಳಗೆ ಬೆರಳಾಡಿಸಿ ಅವರ ಕೈಬೆರಳ ತುದಿಗಳು ಬೆಳ್ಳಗೆ ಸುಕ್ಕುಗಟ್ಟಿದ್ದವು. ಬೀದಿಯಲ್ಲಿ ಅಡ್ಡ ನಿಂತ ಮೇಕೆಗೂ "ಒಸಿ ದಾರಿ ಬುಡಮ್ಮ" ಎನ್ನುವಂಥ ಸಾಧು ಮನುಷ್ಯ. ಆದರೆ ಮೈದಾನದ ಸುಣ್ಣದ ಗೆರೆಯ ಬಳಿ ನಿಂತರೆ ಅವರ ಬಾಯೇ ಬೇರೆ. ವ್ಯಾಕರಣದವಳಾಗಿ ಹೇಳುತ್ತೇನೆ, ಅವರ ಬೈಗುಳದಲ್ಲಿ ಸಮಾಸಗಳಿದ್ದವು. ಉರ್ದುವಿನ ಪೂರ್ವಪದಕ್ಕೆ ಕನ್ನಡದ ಉತ್ತರಪದ ಸೇರಿಸುತ್ತಿದ್ದರು. ಅರಿಸಮಾಸ ದೋಷ ಎಂದು ನಾನು ತರಗತಿಯಲ್ಲಿ ಕಲಿಸುತ್ತಿದ್ದದ್ದಕ್ಕೆ ಅಷ್ಟು ಒಳ್ಳೆಯ ಉದಾಹರಣೆಗಳು ನನಗೆ ಆಮೇಲೆ ಎಲ್ಲೂ ಸಿಗಲಿಲ್ಲ. ಸಿಕ್ಕಿದ್ದನ್ನು ಹೇಳಿಕೊಡುವ ಹಾಗಿರಲಿಲ್ಲ.

ಇದೆಲ್ಲ ನನಗೆ ಗೊತ್ತಾದದ್ದು ಕೇಬಲ್ ನಂಜಪ್ಪನ ದೆಸೆಯಿಂದ. ಮಾಗಡಿ ಕಡೆಯವನು, ಮೊದಲು ಮದುವೆಗಳಿಗೆ ವಿಡಿಯೋ ತೆಗೆಯುತ್ತಿದ್ದ, ಆಮೇಲೆ ಊರಿಗೆ ಕೇಬಲ್ ಎಳೆದ. ಅವನದೇ ಒಂದು ಚಾನೆಲ್ಲಿತ್ತು. ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಅದರಲ್ಲಿ ಅರ್ಧ ಗಂಟೆ ತೋರಿಸಲು ಏನೂ ಇರುತ್ತಿರಲಿಲ್ಲ. ಸಾವನದುರ್ಗದ ಬಂಡೆಯನ್ನೇ ನಾಲ್ಕು ದಿಕ್ಕಿನಿಂದ ತೋರಿಸುತ್ತಿದ್ದ. ಮೈದಾನಕ್ಕೆ ಕಲ್ಲು ಬಿದ್ದ ಸುದ್ದಿ ಕೇಳಿ, ಅದು ಹೋಗುವ ಮುಂಚೆ ಗೂಡು ಕ್ಲಬ್ಬಿನ ಕಥೆಯನ್ನು ವಾರಕ್ಕೊಂದು ಕಂತು ಮಾಡಿ ಹಾಕುತ್ತೇನೆಂದು ಹೊರಟ. ಆದರೆ ಕೈ ಮದುವೆಗೆ ಪಳಗಿದ್ದು. ಗೋಲು ಬಿದ್ದ ಕೂಡಲೇ ಪರದೆಯ ಮೇಲೆ ಗುಲಾಬಿ ದಳ ಉದುರುತ್ತಿದ್ದವು, ಹಿನ್ನೆಲೆಯಲ್ಲಿ ಗಟ್ಟಿಮೇಳ. ಮೀಸೆ ಹೊತ್ತ ಗೋಲ್‌ಕೀಪರು ಹೃದಯದಾಕಾರದ ಚೌಕಟ್ಟಿನೊಳಗಿಂದ ನಮ್ಮನ್ನು ಕೆಕ್ಕರಿಸಿ ನೋಡುತ್ತಿದ್ದ.

ಮೊದಲ ಕಂತು ಬಂದ ಮರುದಿನವೇ ನಂಜಪ್ಪ ನಮ್ಮ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದ.

"ಮೇಡಮ್ಮೋರೆ, ನೀವೇ ಒಸಿ ಕಾಪಾಡ್ಬೇಕು. ರಹಮತ್ ಸಾಬ್ರು ಬೈದಿದ್ದು ಹಂಗೇ ಹೋಗ್ಬುಡ್ತು. ಬೆಳಿಗ್ಗಿಂದ ಹೆಂಗಸ್ರು ಬಂದು ಮನೆಮುಂದೆ ನಿಂತವ್ರೆ. ಮಕ್ಕಳು ತಟ್ಟೆ ಮುಂದೆ ಕೂತಿದ್ವಂತೆ."

"ಆ ಮಾತು ಕತ್ತರಿಸಿಬಿಡಪ್ಪ."

"ಕತ್ತರಿಸಿದ್ರೆ ಏನೂ ಉಳಿಯಕಿಲ್ಲ ಮೇಡಂ. ಸಾಬ್ರು ಬಾಯಿ ಆಡಿಸ್ತಾ ಇರ್ತಾರೆ, ಅಷ್ಟೆ. ಮುಂಚೇನೇ ಒಂದು ಎಚ್ಚರಿಕೆ ಹೇಳ್ಬುಟ್ರೆ ಆಯ್ತದಲ್ಲ? ನೀವೇ ಬರ್ಕೊಡಿ. ಚೆನ್ನಾಗಿರೋ ಕನ್ನಡ ಇರ್ಲಿ."

ಚೆನ್ನಾಗಿರುವ ಕನ್ನಡ ಎಂದದ್ದೇ ತಪ್ಪಾಯಿತು. ನಾನು ಬರೆದುಕೊಟ್ಟೆ: 'ಪ್ರಸ್ತುತ ಸಂಚಿಕೆಯಲ್ಲಿ ಅಶ್ಲೀಲ ಪದಪ್ರಯೋಗ, ಧೂಮಪಾನ ಹಾಗೂ ರಕ್ತಸ್ರಾವದ ದೃಶ್ಯಗಳು ಅಂತರ್ಗತವಾಗಿದ್ದು, ಪ್ರೇಕ್ಷಕರು ಸ್ವವಿವೇಚನೆಯಿಂದ ವೀಕ್ಷಿಸತಕ್ಕದ್ದು.' ಮೈಕಿನಲ್ಲಿ ನಾನೇ ಓದಿದೆ. ಸರ್ಕಾರದಿಂದ ಮತ್ತೇನೋ ಹೊಸ ತೆರಿಗೆ ಬಂತೆಂದು ನಮ್ಮ ಬೀದಿಯ ಕೆಲವರು ಗಾಬರಿಯಾದರಂತೆ. ಮೂರನೆಯ ವಾರಕ್ಕೆ ನಾನು ಇಳಿದುಬಂದೆ. 'ಈ ವಾರ ಬೈಗುಳ ಇವೆ, ಬೀಡಿ ಸೇದುವುದಿದೆ, ಒಬ್ಬರ ಮೊಣಕಾಲು ಒಡೆಯುತ್ತದೆ. ಮಕ್ಕಳನ್ನು ಆಚೆ ಕಳಿಸಿ.' ಇದು ಎಲ್ಲರಿಗೂ ಅರ್ಥವಾಯಿತು. ಎಷ್ಟು ಅರ್ಥವಾಯಿತೆಂದರೆ ಅಡಿಗೆಮನೆಯಲ್ಲಿದ್ದವರೂ ಸೌಟು ಹಿಡಿದುಕೊಂಡೇ ಓಡಿಬಂದು ಟಿವಿ ಮುಂದೆ ಕೂರತೊಡಗಿದರು. ಚನ್ನಪಟ್ಟಣದ ಬಸ್ಸಿನಲ್ಲಿ ಕಂಡಕ್ಟರು ನನಗೆ ಸೀಟು ಬಿಡಿಸಿಕೊಟ್ಟು, "ಈ ವಾರ ಹೆಂಗೈತೆ ಮೇಡಂ, ಜೋರೈತಾ?" ಎಂದು ವಿಚಾರಿಸಿದ. ತರಗತಿಯಲ್ಲಿ ನನಗೆ ಎಚ್ಚರಿಕೆ ಮೇಡಂ ಎಂಬ ಹೆಸರು ಬಿತ್ತು. ಇಪ್ಪತ್ತು ವರ್ಷ ಹಳಗನ್ನಡ ಕಲಿಸಿ ಬರದಿದ್ದ ಕೀರ್ತಿ ಅರ್ಧ ನಿಮಿಷದಲ್ಲಿ ಬಂತು. ಸುಳ್ಳೇಕೆ ಹೇಳಲಿ, ನನಗೆ ಖುಷಿಯಾಗಿತ್ತು.

ಕೆಲಸವನ್ನು ಶ್ರದ್ಧೆಯಿಂದಲೇ ಮಾಡುತ್ತಿದ್ದೆ. ಶನಿವಾರ ಬೆಳಗಿನ ಶಾಲೆ ಮುಗಿಸಿ ನಂಜಪ್ಪನ ಆಫೀಸಿಗೆ ಹೋಗಿ ಮರುದಿನದ ಕಂತನ್ನು ಪೂರ್ತಿ ನೋಡುವುದು. ಬೈಗುಳ, ಬೀಡಿ, ಗಾಯ ಎಂದು ಮೂರು ಪಟ್ಟಿ ಎಳೆದುಕೊಂಡು ಕೆಂಪು ಶಾಯಿಯಲ್ಲಿ ಗುರುತು ಹಾಕುವುದು. ಉತ್ತರಪತ್ರಿಕೆ ತಿದ್ದುವ ಹಾಗೆಯೇ.

ಒಂದು ದಿನ ರಹಮತ್ ಸಾಬರೇ ಶಾಲೆಗೆ ಬಂದರು. ಚಪ್ಪಲಿಯನ್ನು ಮೆಟ್ಟಿಲ ಕೆಳಗೇ ಬಿಟ್ಟು, ತಲೆ ತಗ್ಗಿಸಿ ನಿಂತರು.

"ನಿಮ್ಮಿಂದ ದೊಡ್ಡ ಉಪಕಾರ ಆಯ್ತು ಟೀಚರಮ್ಮ. ನೀವು ಹೇಳ್ತಿದ್ದಂಗೆ ಮನೇಲಿ ಎಲ್ರೂ ಎದ್ದು ಆಚೆ ಹೋಯ್ತಾರೆ. ಮಕ್ಕಳಿಗಿಂತ ಮುಂಚೆ ನಮ್ ಭಾಯ್‌ಜಾನ್ ಏಳ್ತಾರೆ. ತಮ್ಮನ ಬಾಯಲ್ಲಿ ಅಂಥ ಮಾತು ಕೇಳ್ಬಾರ್ದು ಅಂತ. ನಾನೂ ಅವ್ರ ಮುಂದೆ ಇವತ್ತಿನವರ್ಗೂ ಕುರ್ಚಿ ಮೇಲೆ ಕೂತವನಲ್ಲ."

ಭಾಯ್‌ಜಾನ್ ಎಂದರೆ ಅವರಣ್ಣ ಅಮೀರ್ ಸಾಬರು. ಇಬ್ಬರದೂ ಒಂದೇ ಮನೆ, ಒಂದೇ ಅಡಿಗೆ, ಹಿತ್ತಲಿನಲ್ಲಿ ಒಂದೇ ನೂಲಿನ ಚರಕಗಳ ಶೆಡ್ಡು. ಅಣ್ಣ ಮಾತ್ರ ಮೈದಾನದ ಕಡೆ ಕಾಲಿಟ್ಟವರಲ್ಲವಂತೆ. ಯಾಕೆಂದು ನಾನು ಕೇಳಲಿಲ್ಲ. ಉಪಕಾರ ಆಯಿತು ಎಂದರಲ್ಲ, ಅಷ್ಟು ಸಾಕಾಗಿತ್ತು ನನಗೆ.

ಏಳನೆಯ ಕಂತಿಗೆ ಬಂದೆವು. ಆ ಹೊತ್ತಿಗೆ ಕ್ಲಬ್ಬಿನ ಅರ್ಧ ಹುಡುಗರು ಕಾರ್ಖಾನೆಗಳಿಗೆ ಸೇರಿಕೊಂಡಿದ್ದರು. ಕತ್ತಿಗೆ ಗುರುತಿನ ಚೀಟಿ ನೇತುಹಾಕಿಕೊಂಡು ಬಸ್ಸಿಗೆ ಕಾಯುತ್ತಿದ್ದರು. ಆಡುವವರೇ ಸಾಲದೆ ನಂಜಪ್ಪ ಆ ವಾರ ರಹಮತ್ ಸಾಬರನ್ನು ಸರ್ವೆ ಕಲ್ಲಿನ ಮೇಲೆ ಕೂರಿಸಿ ಮಾತಾಡಿಸಿದ್ದ. "ನೀವ್ಯಾಕೆ ದೊಡ್ಡ ಟೀಮಿಗೆ ಆಡ್ಲಿಲ್ಲ?" ಎಂದು ಕೇಳಿದ್ದ. ಅವರು ಕೈಬೆರಳು ನೋಡಿಕೊಂಡು ಹೇಳಿದ್ದರು:

"ಬೆಂಗಳೂರಿನ ಟೀಮೊಂದ್ರೋರು ನನ್ ಆಟ ನೋಡಿದ್ರು. ಕಾಗದ ಹಾಕ್ತೀವಿ ಅಂದ್ರು. ಬರ್ಲಿಲ್ಲ. ಎಷ್ಟೋ ವರ್ಷ ಆದ್ಮೇಲೆ ಪೋಸ್ಟ್‌ಮ್ಯಾನ್ ರಿಟೈರ್ ಆಗೋ ದಿನ ಹೇಳ್ದ, ಕಾಗದ ಬಂದಿತ್ತು, ನಿಮ್ಮಣ್ಣನ ಕೈಗೇ ಕೊಟ್ಟಿದ್ದೆ ಅಂತ. ನಾನು ಭಾಯ್‌ಜಾನ್‌ನ ಕೇಳ್ಲಿಲ್ಲ. ಅವ್ರೂ ಹೇಳ್ಲಿಲ್ಲ. ಅಷ್ಟೇ."

ನಾನು ಪಟ್ಟಿ ನೋಡಿಕೊಂಡೆ. ಬೈಗುಳ ಇಲ್ಲ. ಬೀಡಿ ಇಲ್ಲ. ಗಾಯ ಇಲ್ಲ. ಆರು ವಾರದಲ್ಲಿ ಮೊದಲ ಸಲ ಮೂರೂ ಪಟ್ಟಿ ಖಾಲಿ! ವಾಕ್ಯಗಳು ಎಷ್ಟು ಚಿಕ್ಕವು, ಎಷ್ಟು ಶುದ್ಧ ಎಂದು ಮೆಚ್ಚಿಕೊಂಡೆ ಕೂಡ. ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ನನ್ನ ಅತ್ಯಂತ ಸಿಹಿಯಾದ ದನಿಯಲ್ಲಿ ಓದಿದೆ: 'ಈ ವಾರ ಯಾವ ಕೆಟ್ಟ ಮಾತೂ ಇಲ್ಲ. ಮಕ್ಕಳು, ಹಿರಿಯರು, ಮನೆಮಂದಿಯೆಲ್ಲ ಒಟ್ಟಿಗೆ ಕೂತು ನೋಡಬಹುದು.'

ಓದಿ ಮನೆಗೆ ಬಂದಾಗ ಕಂತು ನಡೆಯುತ್ತಿತ್ತು. ನನ್ನ ಯಜಮಾನರು ಪೇಪರಿನ ಹಿಂದೆ ಕೂತಿದ್ದರು. ಅವರು ಟಿವಿ ನೋಡುವವರಲ್ಲ, ಕಿವಿ ಮಾತ್ರ ಕೊಟ್ಟಿರುತ್ತಾರೆ. ರಹಮತ್ ಸಾಬರ ಮಾತು ಮುಗಿದಾಗ ಪೇಪರು ಕೆಳಗಿಳಿಸಿ, "ಅವರಣ್ಣಾನೂ ನೋಡ್ತಿರ್ತಾರಲ್ವೇ?" ಎಂದರು.

ಐದು ವಾರ ಎದ್ದು ಹೋಗಿದ್ದ ಮನುಷ್ಯನನ್ನು ನಾನೇ, ನನ್ನ ಬಾಯಿಂದಲೇ, ಕರೆದು ಕೂರಿಸಿದ್ದೆ.

ಮಂಗಳವಾರದ ಹೊತ್ತಿಗೆ ಸುದ್ದಿ ಬಂತು. ಆ ಮನೆಯ ಹಿತ್ತಲಿನ ಶೆಡ್ಡಿನಲ್ಲಿ ಹೊಗೆ ಏಳುತ್ತಿಲ್ಲ. ರಹಮತ್ ಸಾಬರ ಹೆಂಡತಿ ಮುಂದಿನ ಕೋಣೆಯಲ್ಲಿ ಬೇರೆ ಒಲೆ ಹೂಡಿದ್ದಾರೆ. ಅಮೀರ್ ಸಾಬರು ಕೋಣೆ ಬಿಟ್ಟು ಬರುತ್ತಿಲ್ಲ. ನಾನು ಎರಡು ದಿನ ತರಗತಿಯಲ್ಲಿ ಏನು ಪಾಠ ಮಾಡಿದೆನೋ ನೆನಪಿಲ್ಲ. ಹೋಗಿ ಕ್ಷಮೆ ಕೇಳಬೇಕೆಂದುಕೊಳ್ಳುವುದು, ಸೀರೆ ಬದಲಿಸುವುದು, ಮತ್ತೆ ಕೂತುಬಿಡುವುದು. ಬೇರೆಯವರಿಗೆ ಎಚ್ಚರಿಕೆ ಹೇಳುವಷ್ಟು ಸುಲಭವಾಗಿರಲಿಲ್ಲ ಅದು.

ಗುರುವಾರ ಮಧ್ಯಾಹ್ನ ಅಮೀರ್ ಸಾಬರೇ ಶಾಲೆಗೆ ಬಂದರು. ಎತ್ತರದ ಆಳು, ಬಿಳಿ ಗಡ್ಡ. ನಾನು ಎದ್ದು ನಿಂತೆ. ಅವರು ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು.

"ಎಲ್ರೂ ಒಟ್ಟಿಗೆ ಕೂತು ನೋಡಿ ಅಂದ್ರಿ ಅಮ್ಮ. ನಾವು ಕೂತ್ಕೊಂಡ್ವಿ," ಎಂದರು. "ಮೊಮ್ಮಕ್ಕಳು ಪಕ್ಕದಲ್ಲೇ ಇದ್ವು. ಎಲ್ಲಾ ನನ್ನೇ ತಿರುಗಿ ನೋಡಿದ್ವು."

"ನನ್ನಿಂದ ತಪ್ಪಾಯಿತು," ಎಂದೆ. ಬೇರೆ ಕನ್ನಡ ಬರಲಿಲ್ಲ.

ಅವರು ಕೈಯಾಡಿಸಿಬಿಟ್ಟರು. "ಕಾಗದ ಬಂದಿದ್ದು ನಿಜ. ನನಗೆ ಓದೋಕೆ ಬರಾಕಿಲ್ಲ, ಔಷಧಿ ಅಂಗಡಿಯೋರ ಕೈಲಿ ಓದಿಸ್ದೆ. ಹದಿನೈದು ದಿನದಲ್ಲಿ ಬಂದು ಸೇರ್ಕೋಬೇಕು ಅಂತಿತ್ತು. ಅಬ್ಬಾಜಾನ್ ಹಾಸಿಗೆ ಹಿಡಿದಿದ್ರು. ಇವನು ಹೋದ್ರೆ ನಾಕು ಚರಕಕ್ಕೆ ನಾನೊಬ್ನೇ. ಗೂಡು ಬೇಯೋ ಒಲೆಗೆ ಹಾಕ್ಬುಟ್ಟೆ. ಆಮೇಲೆ ದಿನಾ ಹೇಳಾಣ ಅಂದ್ಕೋತಿದ್ದೆ. ದಿನಾ ಸಂಜೆ ಅವನು ಮೈದಾನಕ್ಕೆ ಹೋಗೋನು. ಅಲ್ಲಿಗೆ ನಾನು ಯಾವ ಮುಖ ಇಟ್ಕೊಂಡು ಹೋಗ್ಲಿ?"

ಆಮೇಲೆ, "ಈ ಭಾನುವಾರ ನೀವು ಓದ್ತೀರಲ್ಲ, ಅದರಲ್ಲಿ ನನ್ನದೂ ಸೇರಿಸಿ ಓದಿ. ಕಾಗದ ಸುಟ್ಟಿದ್ದು ನಾನೇ ಅಂತ," ಎಂದರು.

"ರಹಮತ್ ಸಾಬರಿಗೆ ನೀವೇ ಮನೆಯಲ್ಲಿ ಹೇಳಬಹುದಲ್ಲ?"

"ಅವನು ನನಗೆ ಮನೇಲಿ ಹೇಳಿದ್ನಾ? ಊರ ಮುಂದೆ ಹೇಳ್ದ. ನಾನೂ ಊರ ಮುಂದೆ ಹೇಳ್ಬೇಕು. ನನ್ ಬಾಯಲ್ಲಿ ಬರಾಕಿಲ್ಲ. ನಿಮ್ಮದು ಓದಿದ ಬಾಯಿ."

ಅಂದು ಮನೆಗೆ ಬಂದು ಬರೆಯಲು ಕೂತೆ. 'ಅಂದಿನ ಕೌಟುಂಬಿಕ ಸಂದಿಗ್ಧದ ಹಿನ್ನೆಲೆಯಲ್ಲಿ' ಎಂದು ಶುರುವಾಯಿತು. ಹರಿದೆ. ಇನ್ನೊಂದು ಬರೆದೆ, ಅದನ್ನೂ ಹರಿದೆ. ಕೊನೆಗೆ ಅವರು ಹೇಳಿದ್ದನ್ನು ಅವರು ಹೇಳಿದ ಹಾಗೇ ಬರೆದುಕೊಂಡೆ. 'ಬರಾಕಿಲ್ಲ' ಎಂಬುದನ್ನೂ ತಿದ್ದಲಿಲ್ಲ. ಭಾನುವಾರ ನಂಜಪ್ಪ ಚೀಟಿ ನೋಡಿ ತಲೆ ಕೆರೆದುಕೊಂಡ.

"ಇದು ಎಚ್ಚರಿಕೆ ಅಲ್ವಲ್ಲ ಮೇಡಮ್ಮೋರೆ?"

"ಮೈಕು ಹಾಕಪ್ಪ," ಎಂದೆ.

ಓದಿದೆ. ಆಮೇಲೆ ಎಂಟನೆಯ ಕಂತು ಏನು ಬಂತೋ ಯಾರೂ ನೋಡಿರಲಾರರು.

ಅದೇ ದಿನ ಮಧ್ಯಾಹ್ನ ಮೈದಾನದಲ್ಲಿ ಕೊನೆಯ ಆಟವಿತ್ತು. ಎದುರಾಳಿ ಬಿಡದಿಯ ಒಂದು ಕಾರ್ಖಾನೆಯ ತಂಡ. ಅದರಲ್ಲಿ ಐವರು ನಮ್ಮ ಗೂಡು ಕ್ಲಬ್ಬಿನವರೇ, ಹೊಸ ಬಣ್ಣದ ಬನಿಯನ್ನಿನಲ್ಲಿ. ರಹಮತ್ ಸಾಬರು ಎರಡೂ ತಂಡಗಳನ್ನು ಬೈಯುವ ಹಕ್ಕು ತಮಗಿದೆ ಎಂಬಂತೆ ಬೈಯುತ್ತಿದ್ದರು. ಆದರೆ ದನಿಯಲ್ಲಿ ಹುರುಪಿರಲಿಲ್ಲ. ನಾನೂ ಜೀವನದಲ್ಲಿ ಮೊದಲ ಸಲ ಫುಟ್‌ಬಾಲ್ ನೋಡಲು ಹೋಗಿ ಬಿಸಿಲಿಗೆ ಸೆರಗು ಹೊದ್ದು ನಿಂತಿದ್ದೆ.

ಅರ್ಧ ಆಟ ಕಳೆದಿರಬೇಕು. ಅಮೀರ್ ಸಾಬರು ಬಂದರು. ಮೈದಾನದ ರೀತಿನೀತಿ ಅವರಿಗೆ ಗೊತ್ತಿಲ್ಲ. ಸುಣ್ಣದ ಗೆರೆ ದಾಟಿ ಒಳಗೇ ಬಂದು, ಚಪ್ಪಲಿ ಕೈಯಲ್ಲಿ ಹಿಡಿದು, ನಿಂತುಬಿಟ್ಟರು. ಮಸೀದಿಗೆ ಬಂದವರ ಹಾಗೆ. ಚೆಂಡು ಅವರ ಪಕ್ಕದಲ್ಲೇ ಹೋಯಿತು. ಆಡುತ್ತಿದ್ದವರೆಲ್ಲ ನಿಂತರು. ಬೆಳಿಗ್ಗೆ ನನ್ನ ದನಿ ಕೇಳಿದ್ದ ಇಡೀ ಊರು ರಹಮತ್ ಸಾಬರ ಮುಖ ನೋಡಿತು.

ಅವರು ಅಣ್ಣನನ್ನು ನೋಡಿದರು. ತುಂಬ ಹೊತ್ತು ನೋಡಿದರು. ಆಮೇಲೆ ಬಾಯಿ ತೆರೆದರು.

"ಲೈನ್ ಬುಟ್ಟು ಆಚೆ ನಿಂತ್ಕೊಳಯ್ಯಾ!" ಎಂಬಲ್ಲಿಗೆ ಅಚ್ಚು ಹಾಕಬಹುದಾದ ಭಾಗ ಮುಗಿಯಿತು. ಮುಂದಿನದು ಒಂದು ನಿಮಿಷವಾದರೂ ನಡೆಯಿತು. ಏಳು ವಾರ ಕೆಂಪು ಶಾಯಿ ಹಿಡಿದು ಕೇಳಿದ್ದ ನನಗೂ ಹೊಸದಾದ ಪದಗಳಿದ್ದವು. ಯಾರ ಮುಂದೆ ಕುರ್ಚಿಯಲ್ಲಿ ಕೂತಿರಲಿಲ್ಲವೋ ಆ ಅಣ್ಣನಿಗೆ, ತಮ್ಮ ಹುಡುಗರಿಗೆ ಬೈಯುವ ಹಾಗೇ, ಒಂದು ಪದವನ್ನೂ ಕಡಿಮೆ ಮಾಡದೆ ಬೈದರು. ಬೈಯುತ್ತ ಬೈಯುತ್ತ ಕಣ್ಣು ಒರೆಸಿಕೊಂಡರು, ಮತ್ತೆ ಬೈದರು.

ಅಮೀರ್ ಸಾಬರು ಕೆಳಗೆ ನೋಡಿದರು. ಸುಣ್ಣದ ಗೆರೆ ಕಂಡಿತು. ಎರಡು ಹೆಜ್ಜೆ ಹಿಂದಕ್ಕೆ ಇಟ್ಟು ಗೆರೆಯ ಆಚೆ ನಿಂತರು. ಆಟ ಮುಗಿಯುವವರೆಗೂ ಅಲ್ಲಿಂದ ಅಲ್ಲಾಡಲಿಲ್ಲ.

ಗೂಡು ಕ್ಲಬ್ ಸೋತಿತು. ಜನ ಚದುರಿದ ಮೇಲೆ ರಹಮತ್ ಸಾಬರು ಚೆಂಡುಗಳ ಚೀಲ ತಂದು ಅಣ್ಣನ ಕೈಗೆ ಕೊಟ್ಟು, "ಹಿಡ್ಕೊಳ್ಳಿ," ಎಂದರು. ಅಷ್ಟೇ. ತಮ್ಮ ಮುಂದೆ, ಚೀಲ ಹೊತ್ತ ಅಣ್ಣ ಹತ್ತು ಹೆಜ್ಜೆ ಹಿಂದೆ, ಇಬ್ಬರೂ ಮನೆಯ ದಾರಿ ಹಿಡಿದರು.

ಎರಡು ಒಲೆ ಒಂದಾಯಿತು ಎಂದು ಹೇಳಲು ನನಗೂ ಆಸೆ. ಆಗಲಿಲ್ಲ. ಒಲೆಗಳು ಬೇರೆಯಾಗಿಯೇ ಉಳಿದವು. ಹಿತ್ತಲಿನ ಶೆಡ್ಡಿನಲ್ಲಿ ಮಾತ್ರ ಮರುದಿನದಿಂದ ಹೊಗೆ ಎದ್ದಿತು. ಆ ಕೊನೆಯ ಆಟದ ಕಂತಿಗೆ ನಾನು ಬರೆದದ್ದು ಚಿಕ್ಕದು: 'ಈ ವಾರ ಬೈಗುಳ ಬಹಳ ಇವೆ. ಆದರೂ ನೋಡಿ.'

ಕೆಲವು ತಿಂಗಳ ಮೇಲೆ ಗೂಡಿನ ಮಾರುಕಟ್ಟೆಯ ಮುಂದೆ ರಹಮತ್ ಸಾಬರು ಸಿಕ್ಕಿದ್ದರು. ಮೈದಾನಕ್ಕೆ ಆಗಲೇ ಕಾಂಪೌಂಡು ಎದ್ದಿತ್ತು. ನನ್ನ ಮೇಲೆ ಬೇಸರವಿದೆಯೇ ಎಂದು ಧೈರ್ಯ ಮಾಡಿ ಕೇಳಿದೆ. ಅವರು ಎಂದಿನ ಮೆತ್ತನೆಯ ದನಿಯಲ್ಲಿ, "ನೀವು ಎಚ್ಚರಿಕೆ ಕೊಟ್ಟಿದ್ರೆ ಭಾಯ್‌ಜಾನ್ ಎದ್ದು ಆಚೆ ಹೋಗ್ಬುಡೋರು ಟೀಚರಮ್ಮ," ಎಂದರು. ಅಂದರೆ ಅಣ್ಣ ಕೇಳಲಿ ಎಂದೇ ಆ ಮಾತು ಹೇಳಿದ್ದರೇ? ಅದನ್ನು ನಾನು ಕೇಳಲಿಲ್ಲ. ನಂಜಪ್ಪನ ಕೇಬಲ್ಲು ಆಮೇಲೆ ಡಿಶ್ ಬಂದು ಮುಳುಗಿತು. ಆ ಟೇಪುಗಳ ಮೇಲೆ ಅವನು ಯಾರ ಯಾರದೋ ಮದುವೆ ತುಂಬಿಕೊಂಡ.

ಇಷ್ಟನ್ನೂ ಕೇಳಿದ ದೀಪಾ, "ಹಾಗಾದ್ರೆ ಏಳನೇ ಕಂತಿಗೆ ಏನಂತ ಬರೀಬೇಕಿತ್ತು ಅತ್ತೆ?" ಎಂದಳು.

ಇಷ್ಟು ವರ್ಷ ನಾನು ಮನಸ್ಸಿನಲ್ಲೇ ಅದನ್ನು ಎಷ್ಟೋ ಸಲ ಬರೆದಿದ್ದೇನೆ. ಒಂದೂ ಸರಿಹೋಗಿಲ್ಲ. ಬೈಗುಳ ಕಂಡರೆ ಗುರುತು ಹಾಕಬಹುದು. ಒಬ್ಬರು ಹತ್ತಾರು ವರ್ಷ ಹೇಳದೇ ಇಟ್ಟುಕೊಂಡ ಮಾತು ಯಾರಿಗೆ ಎಲ್ಲಿ ತಾಗುತ್ತದೆಂದು ಯಾವ ಪಟ್ಟಿಯಲ್ಲಿ ಬರೆಯುವುದು? ಆ ಮನೆಯಲ್ಲಿ ಆಗಿದ್ದು ಕೆಟ್ಟದ್ದೋ ಒಳ್ಳೆಯದೋ ಎಂಬುದೇ ನನಗೆ ಇನ್ನೂ ತೀರ್ಮಾನವಾಗಿಲ್ಲ.

"ನೀನು ಟಿವಿ ಹಾಕು, ನೋಡೋಣ," ಎಂದೆ.

ಬಾಯಿ ತೆರೆದು ನಿಂತಿದ್ದ ಕೋಚು ಬೈಯಲು ಶುರುಮಾಡಿದ. ಅಷ್ಟರಲ್ಲಿ ಹೊರಗಿನ ಜಗಲಿಯಿಂದ ನಮ್ಮ ಯಜಮಾನರು ಎದ್ದುಬಂದು ಬಾಗಿಲಲ್ಲಿ ನಿಂತರು. ಒಳಗಿನ ಗಲಾಟೆ ಕೇಳಿ, ಹಳೆಯ ತಮಾಷೆಗೆ, "ಏನು ಮೇಡಂ, ಈ ವಾರ ಹೆಂಗಿದೆ? ನಾನು ನೋಡಬಹುದೋ?" ಎಂದರು.

"ನನಗೆ ಗೊತ್ತಿಲ್ಲ ಕಣ್ರೀ. ಬನ್ನಿ, ಕೂತ್ಕೊಳ್ಳಿ," ಎಂದು ಪಕ್ಕಕ್ಕೆ ಸರಿದೆ.